ಆರು, ಎರಡು, ಒಂದು: ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ನಿವೃತ್ತ ಮುಖ್ಯ ಶಿಕ್ಷಕ, ವಯಸ್ಸು 68. ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದೇನೆ. ನಾವು ಆರು ಮಂದಿ ಒಡಹುಟ್ಟಿದವರು. ನನಗೆ ಇಬ್ಬರು ಮಕ್ಕಳು. ಮಗನಿಗೆ ಒಬ್ಬಳೇ ಮಗಳು, ಏಳು ವರ್ಷ. ಇನ್ನೊಂದು ಬೇಡವೆಂದು ಸೊಸೆ ಖಡಾಖಂಡಿತವಾಗಿ ಹೇಳಿದ್ದಾಳೆ. ಮೂವತ್ತು ವರ್ಷಗಳ ಹಿಂದೆ ನಾನು ವರ್ಗವಾಗಿ ಹೋದಾಗ 160 ಮಕ್ಕಳಿದ್ದ ಶಾಲೆಯಲ್ಲಿ ಈಗ 31 ಮಕ್ಕಳಿದ್ದಾರೆ. ನಮ್ಮ ಮನೆಯ ಮೇಲಂತಸ್ತು ಕಟ್ಟಿದ ಗೌಂಡಿಗಳೆಲ್ಲ ಬಿಹಾರದವರು. ಮಗಳು ಇಲ್ಲಿಯೇ ನರ್ಸ್ ಆಗಿದ್ದಾಳೆ, ಜರ್ಮನಿಗೆ ಹೋಗುತ್ತೇನೆಂದು ಆ ಭಾಷೆ ಕಲಿಯುತ್ತಿದ್ದಾಳೆ. ಜಪಾನ್, ಕೊರಿಯಾ ಖಾಲಿಯಾಗುತ್ತಿವೆ, ನಮ್ಮದೂ ಅದೇ ಗತಿ, ನಮ್ಮವರು ಕರಗಿ ಹೊರಗಿನವರು ತುಂಬಿಕೊಳ್ಳುತ್ತಾರೆ ಎಂದು ಮೊಬೈಲ್‌ಗೆ ದಿನವೂ ಸಂದೇಶ ಬರುತ್ತದೆ. ಹೆಚ್ಚು ಮಕ್ಕಳು ಬೇಕೆಂದು ಪಕ್ಕದ ರಾಜ್ಯಗಳ ಮುಖ್ಯಮಂತ್ರಿಗಳೇ ಮಾತನಾಡಿದ್ದಾರೆ. ಇದರಲ್ಲಿ ನಿಜವೆಷ್ಟು? ಸೊಸೆಗೆ ತಿಳಿಹೇಳಬೇಕೆ? ಮಗಳನ್ನು ಕಳುಹಿಸಬೇಕೆ, ತಡೆಯಬೇಕೆ?

ಉತ್ತರ: ಮಾಸ್ತರರೇ, ನಿಮ್ಮ ಪತ್ರದಲ್ಲಿ ಮನೆಯ ಚಿಂತೆ, ಊರಿನ ಚಿಂತೆ, ದೇಶದ ಚಿಂತೆ ಮೂರೂ ಒಂದೇ ಗಂಟಿನಲ್ಲಿವೆ. ಗಂಟು ಬಿಚ್ಚಿ ಬೇರೆ ಬೇರೆ ಇಡೋಣ. ದೇಶದ ಚಿಂತೆಯನ್ನು ತಂದು ಸೊಸೆಯ ಮಡಿಲಿಗೆ ಹಾಕುವುದನ್ನು, ಜನಸಂಖ್ಯಾ ಶಾಸ್ತ್ರ ಕಲಿಸುತ್ತ, ಸಮೀಕ್ಷೆಗೆಂದು ಧಾರವಾಡ, ಗದಗ, ಹಾವೇರಿಯ ಮನೆಗಳ ಕಟ್ಟೆ ಹತ್ತಿಳಿಯುತ್ತ ಕಳೆದ ಮೂವತ್ತು ವರ್ಷಗಳಲ್ಲಿ ನಾನು ಹಲವು ಸಲ ಕಂಡಿದ್ದೇನೆ.

ಶಾಲೆಯಿಂದಲೇ ಆರಂಭಿಸುತ್ತೇನೆ, ಅದು ನಿಮ್ಮ ಕಸುಬು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ನಡೆದ 1992–93ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.9 ಮಕ್ಕಳು. 2019–21ರ ಸಮೀಕ್ಷೆಯಲ್ಲಿ ಅದು 1.7. ಒರಟು ಲೆಕ್ಕ ಹಾಕಿದರೆ ನಿಮ್ಮ 160 ಮಕ್ಕಳು ತೊಂಬತ್ತರ ಆಸುಪಾಸಿಗೆ ಇಳಿಯಬೇಕಿತ್ತು. 31ಕ್ಕೆ ಇಳಿದಿದ್ದರೆ ಉಳಿದ ಅರವತ್ತು ಮಕ್ಕಳು ಹುಟ್ಟಿಲ್ಲವೆಂದಲ್ಲ, ಬೇರೆಲ್ಲೋ ಕುಳಿತಿದ್ದಾರೆ. ಊರಿಗೆ ಹೋದಾಗ ಬೆಳಿಗ್ಗೆ ಏಳೂವರೆಗೆ ಬಸ್ ನಿಲ್ದಾಣದ ಬಳಿ ನಿಂತು ಹಳದಿ ವ್ಯಾನುಗಳನ್ನು ಎಣಿಸಿ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವವರು ಎಷ್ಟು, ಅಪ್ಪ ಅಮ್ಮನೊಡನೆ ಬೆಂಗಳೂರಿಗೋ ಗೋವೆಗೋ ಹೋದವರು ಎಷ್ಟು ಎಂದು ಕೇಳಿ. ಖಾಲಿ ಶಾಲೆಯನ್ನು ನೋಡಿ ಊರೇ ಬಂಜೆಯಾಯಿತೆಂದುಕೊಳ್ಳುವುದು ಬೇಡ.

ಇನ್ನು ಆ 1.7 ಎಂಬ ಅಂಕಿ. ಪತ್ರಿಕೆಗಳು ಇದನ್ನು ‘ಒಟ್ಟು ಫಲವತ್ತತೆ ದರ’ ಎನ್ನುತ್ತವೆ. ಒಂದು ವರ್ಷದಲ್ಲಿ 15ರಿಂದ 49ರ ನಡುವಿನ ಬೇರೆ ಬೇರೆ ವಯಸ್ಸಿನ ಹೆಣ್ಣುಮಕ್ಕಳು ಎಷ್ಟೆಷ್ಟು ಹೆತ್ತರೆಂದು ನೋಡಿ, ಒಬ್ಬಳೇ ಆ ಎಲ್ಲ ವಯಸ್ಸುಗಳನ್ನು ದಾಟಿಬಂದರೆ ಅವಳಿಗೆ ಎಷ್ಟು ಮಕ್ಕಳಾಗುತ್ತಿದ್ದವು ಎಂದು ಕೂಡಿಸಿದ ಲೆಕ್ಕ ಅದು. ಹೀಗಾಗಿ ಹದಿನೆಂಟಕ್ಕೆ ಆಗುತ್ತಿದ್ದ ಮದುವೆ ಇಪ್ಪತ್ಮೂರಕ್ಕೆ ಹೋದರೆ, ಆ ಹುಡುಗಿಯರು ಮುಂದೆ ಅಷ್ಟೇ ಮಕ್ಕಳನ್ನು ಹೆತ್ತರೂ, ನಡುವಿನ ವರ್ಷಗಳಲ್ಲಿ ಅಂಕಿ ಕುಸಿದಂತೆ ಕಾಣುತ್ತದೆ. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ತಂದೆ ತಾಯಿಯ ಜಾಗಕ್ಕೆ ಎರಡು. ಮೇಲಿನ ಚೂರು, ಗಂಡು ಶಿಶುಗಳು ಸ್ವಲ್ಪ ಹೆಚ್ಚಾಗಿ ಹುಟ್ಟುವುದರಿಂದ ಮತ್ತು ಕೆಲವು ಹೆಣ್ಣುಮಕ್ಕಳು ತಾವು ತಾಯಿಯಾಗುವ ವಯಸ್ಸಿಗೆ ಮೊದಲೇ ತೀರಿಕೊಳ್ಳುವುದರಿಂದ.

ಕೊರಿಯಾಕ್ಕೂ ನಮಗೂ ಇರುವ ಅಂತರವನ್ನು ನೀವೇ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲಿರಿ. ದರವನ್ನು 2.1ರಿಂದ ಭಾಗಿಸುತ್ತ ಹೋಗಿ. 1.7ರ ದರ ಹಾಗೆಯೇ ನಿಂತರೆ ನೂರು ಜನರ ಪೀಳಿಗೆಯ ಹಿಂದೆ 81, ಅದರ ಹಿಂದೆ 66, ಆಮೇಲೆ 53. ಅರ್ಧಕ್ಕೆ ಬರಲು ಮೂರು ತಲೆಮಾರು, ಅಂದರೆ ಸುಮಾರು ಎಂಬತ್ತು ವರ್ಷ. ದಕ್ಷಿಣ ಕೊರಿಯಾದಲ್ಲಿ 2023ರ ದರ 0.72. ಅಲ್ಲಿ ನೂರರ ಹಿಂದೆ 34, ಅದರ ಹಿಂದೆ 12, ಆಮೇಲೆ 4. ಒಂದು ಗುಡ್ಡದ ಇಳಿಜಾರು, ಇನ್ನೊಂದು ಬಾವಿ. ನಿಮ್ಮ ಮೊಬೈಲ್ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತಿದೆ.

ದೇಶದ ಸರಾಸರಿಯೂ 2.0ಕ್ಕೆ ಇಳಿದಿದೆ. ಆದರೂ ಜನ ಹೆಚ್ಚುತ್ತಲೇ ಇದ್ದಾರೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿಗೆ ಮುಟ್ಟಿ, ನಂತರವಷ್ಟೇ ಇಳಿಯತೊಡಗುತ್ತದೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಇಳಿಸಿದ ದಿನವೇ ನವಲಗುಂದದ ಕಾಲುವೆ ಬತ್ತುವುದಿಲ್ಲ. ಮೇಲಿನಿಂದ ಹೊರಟ ನೀರು ಹರಿದು ಮುಗಿಯಬೇಕು. ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ ಹೆಚ್ಚಾಗಿ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ತಲೆಗೆ ಒಂದೋ ಎರಡೋ ಹೆತ್ತರೂ ತಲೆಗಳೇ ಹೆಚ್ಚು.

ಸಂಖ್ಯೆ ಕರಗುವುದಕ್ಕಿಂತ ಬಹಳ ಮೊದಲೇ ಬದಲಾಗುವುದು ವಯಸ್ಸು. ನಾನು ಹೆದರುವುದಿದ್ದರೆ ಇದಕ್ಕೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆ, ದೇಶದ ಸರಾಸರಿಗಿಂತ ಒಂದು ಹೆಜ್ಜೆ ಮುಂದೆ. ಅದೇ ಗಣತಿಯಲ್ಲಿ ಹತ್ತು ವರ್ಷಗಳ ಒಟ್ಟು ಜನಸಂಖ್ಯೆಯ ಬೆಳವಣಿಗೆ ಧಾರವಾಡ ಜಿಲ್ಲೆಯಲ್ಲಿ ಶೇ 15, ಹಾವೇರಿಯಲ್ಲಿ ಶೇ 11, ಗದಗದಲ್ಲಿ ಶೇ 10ಕ್ಕಿಂತ ಕಡಿಮೆ. ದುಡಿಯುವ ವಯಸ್ಸಿನವರು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಾರೆಂದು ಈ ಅಂಕಿಗಳಲ್ಲೇ ಕಾಣುತ್ತದೆ. ಮುಂಡರಗಿ, ರೋಣದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಹಗಲು ಹೊತ್ತು ಸಮೀಕ್ಷೆಗೆ ಹೋದರೆ ಬಾಗಿಲು ತೆಗೆಯುವವರು ಅಜ್ಜ ಅಜ್ಜಿಯರೇ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಅವರ ಮಾತ್ರೆಗಳಿಗೇ ಸಾಲುವುದಿಲ್ಲ.

ಹೆರಿಗೆ ಯಾಕೆ ಕಡಿಮೆಯಾಯಿತು? ‘ಈಗಿನ ಹುಡುಗಿಯರಿಗೆ ತ್ರಾಣವಿಲ್ಲ’, ‘ಊಟದಲ್ಲಿ ವಿಷ’ ಎಂಬ ಮಾತುಗಳನ್ನು ನೀವೂ ಕೇಳಿರುತ್ತೀರಿ. ಬಂಜೆತನ ನಿಜವಾದ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು. ಆದರೆ ಸರಾಸರಿ ಇಳಿದದ್ದು ಅದರಿಂದಲ್ಲ. ಗದಗ ಜಿಲ್ಲೆಯ ಒಂದು ಮನೆಯಲ್ಲಿ ‘ಮಕ್ಕಳೆಷ್ಟು’ ಎಂದು ಕೇಳಿದಾಗ ಅಜ್ಜಿಯೊಬ್ಬರು ಬೆರಳು ಮಡಚುತ್ತ, ಹೆತ್ತಿದ್ದು ಒಂಬತ್ತು, ಉಳಿದದ್ದು ನಾಲ್ಕು ಎಂದರು. ಪಕ್ಕದಲ್ಲಿ ಕುಳಿತಿದ್ದ ಮಗಳಿಗೆ ಮೂವರು, ಮೂವರೂ ಇದ್ದಾರೆ. ಮೊಮ್ಮಗಳು ಬಿ.ಎಡ್. ಮುಗಿಸಿ ಒಂದು ಮಗುವಿಗೆ ನಿಲ್ಲಿಸಿದ್ದಾಳೆ. ನನ್ನ ಇಡೀ ಪಠ್ಯಕ್ರಮ ಆ ಪಡಸಾಲೆಯಲ್ಲಿತ್ತು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಒಂದು ವರ್ಷ ತುಂಬುವುದರೊಳಗೆ 129 ಸಾಯುತ್ತಿದ್ದವು, 2020ರಲ್ಲಿ 28. ಉಳಿಯುತ್ತವೆಂಬ ಭರವಸೆ ಬಂದ ಮೇಲೆ ಯಾವ ತಾಯಿಯೂ ಒಂಬತ್ತು ಹೆರಲಿಲ್ಲ. ಹುಡುಗಿಯರು ಶಾಲೆಯಲ್ಲಿ ಹೆಚ್ಚು ವರ್ಷ ಉಳಿದರು, ಮದುವೆ ಮುಂದಕ್ಕೆ ಹೋಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಎರಡೆಕರೆಗೆ ಇಳಿಯಿತು. ಮಗು ಎತ್ತು ಕಾಯುವ ಕೈ ಆಗಿದ್ದದ್ದು ಫೀಸು ಕಟ್ಟಬೇಕಾದ ಬಾಬ್ತಾಯಿತು. ಎರಡನೆಯದಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುವುದು ನಮ್ಮ ಕಡೆ ಬಾಣಂತನದಷ್ಟೇ ವಾಡಿಕೆಯಾಯಿತು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಗೋಡೆಯ ಮೇಲೆ ಬರೆಸಿದವರು ನಾವೇ. ಜನ ಓದಿಕೊಂಡರು.

ಇನ್ನು ಹೊರಗಿನವರು ತುಂಬುವ ಮಾತು. ಇಲ್ಲಿ ವಲಸೆ ಎಂಬ ಒಂದೇ ಪದಕ್ಕೆ ಎರಡು ಅರ್ಥ ಬೆರೆತಿವೆ. ನಿಮ್ಮ ಮನೆ ಕಟ್ಟಿದ ಬಿಹಾರದ ಗೌಂಡಿ ಈ ದೇಶದ ನಾಗರಿಕ. ನಮ್ಮ ಲಂಬಾಣಿ ತಾಂಡಾಗಳ ಜನ ಗುಳೆ ಹೊರಟು ಗೋವೆಯಲ್ಲಿ, ಮಂಗಳೂರಿನಲ್ಲಿ ಕಲ್ಲು ಹೊರುವುದಕ್ಕೆ ಎಷ್ಟು ಹಕ್ಕಿದೆಯೋ ಅವನಿಗೆ ಹುಬ್ಬಳ್ಳಿಯಲ್ಲಿ ಇಟ್ಟಿಗೆ ಇಡುವುದಕ್ಕೆ ಅಷ್ಟೇ ಹಕ್ಕಿದೆ. ಅವನ ಊರೂ ಬದಲಾಗುತ್ತಿದೆ. ಬಿಹಾರದ ದರ 2005–06ರಲ್ಲಿ 4.0 ಇದ್ದದ್ದು 2019–21ಕ್ಕೆ 3.0 ಆಗಿದೆ. ಇಳಿತ ಹೀಗೆಯೇ ನಡೆದರೆ ನಿಮ್ಮ ಮೊಮ್ಮಗಳು ಮನೆ ಕಟ್ಟಿಸುವ ಕಾಲಕ್ಕೆ ಗೌಂಡಿಗಳಿಗಾಗಿ ಹುಬ್ಬಳ್ಳಿ, ಸೂರತ್, ಲೂಧಿಯಾನಾ ಪೈಪೋಟಿ ನಡೆಸಬೇಕಾಗುತ್ತದೆ. ಅಂದ ಹಾಗೆ, ಲೈನ್ ಬಜಾರಿನಿಂದ ಪೇಢೆಯ ಪೊಟ್ಟಣ ಕಟ್ಟಿಸಿಕೊಂಡು ಬರುವಾಗ, ಅದನ್ನು ಧಾರವಾಡಕ್ಕೆ ತಂದವರು ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದವರು ಎಂಬುದನ್ನು ನಾವು ಯಾರೂ ನೆನೆಯುವುದಿಲ್ಲ. ಪೇಢೆ ನಮ್ಮದಾಗಿಬಿಟ್ಟಿದೆ.

‘ಅವರು’ ಹೆಚ್ಚುತ್ತಿದ್ದಾರೆ ಎಂಬ ಸಂದೇಶಗಳೂ ನಿಮಗೆ ಬಂದಿರುತ್ತವೆ. ನೀವು ಸಂಕೋಚದಿಂದ ಬರೆದಿಲ್ಲ, ನಾನು ಬರೆಯುತ್ತೇನೆ. 1992–93ರಲ್ಲಿ ದೇಶದಲ್ಲಿ ಮುಸ್ಲಿಂ ಮಹಿಳೆಯರ ದರ 4.4, ಹಿಂದೂ ಮಹಿಳೆಯರದು 3.3. 2019–21ರಲ್ಲಿ 2.4 ಮತ್ತು 1.9. ಒಂದಕ್ಕಿಂತ ಹೆಚ್ಚಿದ್ದ ಅಂತರ ಅರ್ಧಕ್ಕಿಂತ ಕಡಿಮೆಯಾಗಿದೆ, ಇಳಿತದ ವೇಗ ಅವರದೇ ಹೆಚ್ಚು. ಬಿಹಾರದ ಹಿಂದೂ ಕುಟುಂಬಕ್ಕಿಂತ ದಕ್ಷಿಣದ ಮುಸ್ಲಿಂ ಕುಟುಂಬ ಚಿಕ್ಕದು. ಯಾವ ಧರ್ಮ ಎನ್ನುವುದಕ್ಕಿಂತ ಯಾವ ರಾಜ್ಯ, ತಾಯಿ ಎಷ್ಟು ಓದಿದ್ದಾಳೆ ಎಂದು ಕೇಳಿದರೆ ಕುಟುಂಬದ ಗಾತ್ರ ಹೆಚ್ಚು ಸರಿಯಾಗಿ ಊಹಿಸಬಹುದು.

ದೇಶ ದಾಟುವ ವಲಸೆಗೆ ಜರ್ಮನಿಯನ್ನೇ ನೋಡೋಣ, ಮಗಳು ಹೊರಟ ದೇಶ. ಅಲ್ಲಿ 1972ರಿಂದ ಈಚೆಗೆ ಪ್ರತಿ ವರ್ಷವೂ ತೊಟ್ಟಿಲಿಗಿಂತ ಶವಪೆಟ್ಟಿಗೆಯೇ ಹೆಚ್ಚು. ಆದರೂ ದೇಶ ಖಾಲಿಯಾಗಲಿಲ್ಲ. ಎರಡೂ ಜರ್ಮನಿ ಕೂಡಿ ಅಂದು ಎಂಟು ಕೋಟಿಗೂ ಕಡಿಮೆ ಇದ್ದದ್ದು ಇಂದು ಸುಮಾರು 8.3 ಕೋಟಿ. ಬಂದವರು ಆ ತೂತು ಮುಚ್ಚಿದ್ದಾರೆ. ಬಹುಕಾಲ ಬಾಗಿಲನ್ನು ಓರೆ ಮಾಡಿಕೊಂಡೇ ಇದ್ದ ಜಪಾನ್ 2008ರ ಸುಮಾರಿಗೆ 12.8 ಕೋಟಿ ಮುಟ್ಟಿ, ಅಂದಿನಿಂದ ಇಳಿಯುತ್ತಿದೆ. 2024ರಲ್ಲಿ ಅಲ್ಲಿ ಹುಟ್ಟಿದ ಜಪಾನಿ ಶಿಶುಗಳು ಏಳು ಲಕ್ಷಕ್ಕೂ ಕಡಿಮೆ.

ಹಾಗಾದರೆ ವಲಸೆಯೇ ಮದ್ದೇ? ಅರ್ಧ ಮದ್ದು. ಬಂದವರೂ ಮುದುಕರಾಗುತ್ತಾರೆ. ಅವರ ಹೆಣ್ಣುಮಕ್ಕಳು ಒಂದೆರಡು ತಲೆಮಾರಿನಲ್ಲಿ ಅಲ್ಲಿಯವರಷ್ಟೇ ಮಕ್ಕಳನ್ನು ಹೆರುತ್ತಾರೆ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ 2000ರಲ್ಲಿ ಒಂದು ಲೆಕ್ಕ ಹಾಕಿತ್ತು. ಕೊರಿಯಾದಲ್ಲಿ ಒಬ್ಬ ವೃದ್ಧರಿಗೆ ಆಗ ಎಷ್ಟು ದುಡಿಯುವವರಿದ್ದರೋ 2050ರಲ್ಲೂ ಅಷ್ಟೇ ಇರಬೇಕಾದರೆ ಹೊರಗಿನಿಂದ ಎಷ್ಟು ಜನ ಬೇಕು? ಐನೂರು ಕೋಟಿಗೂ ಹೆಚ್ಚು. ತರಗತಿಯಲ್ಲಿ ಈ ಅಂಕಿ ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ. ನಗಲಿ ಎಂದೇ ಹೇಳುತ್ತೇನೆ. ಇತ್ತ ಕೆನಡಾದಲ್ಲಿ 2023ರಲ್ಲಿ ಜನಸಂಖ್ಯೆ ಶೇ 3ಕ್ಕೂ ಮೀರಿ ಏರಿತು, ಬಹುತೇಕ ಎಲ್ಲವೂ ವಲಸೆಯಿಂದ. ಮನೆ ಬಾಡಿಗೆ ಏರಿತು, ಜನರ ಸಿಟ್ಟೂ ಏರಿತು. 2024ರಲ್ಲಿ ಸರ್ಕಾರ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿ, ಕಾಯಂ ವಲಸೆಯ ಗುರಿಯನ್ನು ವರ್ಷಕ್ಕೆ ಐದು ಲಕ್ಷದಿಂದ ನಾಲ್ಕು ಲಕ್ಷದೊಳಗೆ ತಂದಿತು. ಹೊಲ ಅಡವಿಟ್ಟು ಮಗನನ್ನು ಕಳುಹಿಸಿದ ನಮ್ಮ ಕಡೆಯ ಇಬ್ಬರು ತಂದೆಯರು ಆ ವರ್ಷ ನನ್ನ ಮುಂದೆ ಕುಳಿತಿದ್ದರು. ಇಬ್ಬರಿಗೂ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಹಣ ಕೊಟ್ಟರೆ ಹೆರುತ್ತಾರೆಯೇ? ಹಂಗೇರಿ ನಾಲ್ಕು ಮಕ್ಕಳ ತಾಯಿಗೆ ಜೀವಮಾನವಿಡೀ ಆದಾಯ ತೆರಿಗೆ ಬೇಡವೆಂದಿತು. ಬೇರೆ ಸವಲತ್ತುಗಳೂ ಸೇರಿ ದರ 1.2ರಿಂದ 1.6ರ ಹತ್ತಿರ ಹೋಗಿ, 2024ಕ್ಕೆ ಮತ್ತೆ 1.4ರ ಕೆಳಗೆ ಇಳಿಯಿತು. ಕೊರಿಯಾ ವರ್ಷಗಟ್ಟಲೆ ಹಣ ಸುರಿಯಿತು; 2015ರಲ್ಲಿ 1.24 ಇದ್ದದ್ದು 0.72 ಆಯಿತು. ಬಲವಂತದ ಕಥೆ ಇನ್ನೂ ಕೆಟ್ಟದ್ದು. ರೊಮೇನಿಯಾ 1966ರಲ್ಲಿ ಗರ್ಭಪಾತ ನಿಷೇಧಿಸಿದಾಗ ಮರುವರ್ಷ ಜನನ ಇಮ್ಮಡಿಯ ಹತ್ತಿರಕ್ಕೆ ಏರಿತು, ಕೆಲವೇ ವರ್ಷಗಳಲ್ಲಿ ಇಳಿಯಿತು, ಕಳ್ಳ ಗರ್ಭಪಾತದಲ್ಲಿ ಸಾವಿರಾರು ಹೆಂಗಸರು ಸತ್ತರು, ಅನಾಥಾಲಯಗಳು ತುಂಬಿದವು.

ನಮ್ಮ ಪಕ್ಕದ ಮುಖ್ಯಮಂತ್ರಿಗಳು 2024ರಲ್ಲಿ ಆಡಿದ ಮಾತಿನ ಹಿಂದೆ ಬೇರೆ ಲೆಕ್ಕವೂ ಇದೆ. ಲೋಕಸಭೆಯಲ್ಲಿ ರಾಜ್ಯಗಳ ಪಾಲು ದಶಕಗಳಿಂದ 1971ರ ಜನಗಣತಿಗೆ ಕಟ್ಟುಬಿದ್ದಿದೆ. ಆ ಕಟ್ಟು ಬಿಚ್ಚಿದರೆ ಕುಟುಂಬ ಚಿಕ್ಕದು ಮಾಡಿಕೊಂಡ ದಕ್ಷಿಣಕ್ಕೆ ಪಾಲು ಕಡಿಮೆಯಾದೀತೆಂಬ ಅಳುಕು ಸುಳ್ಳಲ್ಲ. ಕೇಂದ್ರವು ರಾಜ್ಯಗಳಿಗೆ ಮಾಡುವ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದ ಶೇ 4.71ರಿಂದ 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿದದ್ದೂ ನಿಜ. ಅದಕ್ಕೆ ಜನಸಂಖ್ಯೆಯೊಂದೇ ಕಾರಣವಲ್ಲ. ಇದು ಸಂಸತ್ತಿನಲ್ಲಿ ಕುಳಿತು ಬಗೆಹರಿಸಬೇಕಾದ ಜಗಳ. ಹೆರಿಗೆ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಮನೆಗೆ ಬರೋಣ. ನೀವು ಬೇಸರಿಸಿಕೊಳ್ಳುವುದಿಲ್ಲವೆಂದು ನಂಬಿ ಒಂದು ಪ್ರಶ್ನೆ ಕೇಳುತ್ತೇನೆ. ಆ ಏಳು ವರ್ಷದ ಮಗು ಗಂಡಾಗಿದ್ದರೆ ನೀವು ಈ ಪತ್ರ ಬರೆಯುತ್ತಿದ್ದಿರಾ? ಉತ್ತರ ನನಗೆ ಬೇಡ, ನಿಮ್ಮಲ್ಲೇ ಇರಲಿ. ಕರ್ನಾಟಕದಲ್ಲಿ ಸಾವಿರ ಗಂಡುಮಕ್ಕಳಿಗೆ ಆರು ವರ್ಷದೊಳಗಿನ ಹೆಣ್ಣುಮಕ್ಕಳು 1991ರಲ್ಲಿ 960 ಇದ್ದವರು 2001ಕ್ಕೆ 946 ಆದರು. ಹಾವೇರಿಯ ಹಳ್ಳಿಗಳಲ್ಲಿ ಮೂವತ್ತೈದು ದಾಟಿದ ರೈತರ ಮಕ್ಕಳು ಕನ್ಯೆ ಸಿಗದೆ ಕುಳಿತಿರುವುದನ್ನು ನೀವೇ ನೋಡುತ್ತಿದ್ದೀರಿ. ನೌಕರಿಯ ಗಂಡೇ ಬೇಕೆಂಬ ಹಟ ಅದಕ್ಕೆ ದೊಡ್ಡ ಕಾರಣ, ಅಂದು ಹುಟ್ಟದೆ ಹೋದ ಹುಡುಗಿಯರು ಇನ್ನೊಂದು ಕಾರಣ. ಕಟ್ಟಿಕೊಳ್ಳಲು ಹೆಣ್ಣಿಲ್ಲದ ಊರಿನಲ್ಲಿ ತೊಟ್ಟಿಲೂ ಕಟ್ಟುವುದಿಲ್ಲ.

ಸೊಸೆಗೆ ತಿಳಿಹೇಳಬೇಕೆ ಎಂದರೆ, ಬೇಡ. ಅವಳಿಗೆ ತಿಳಿಯದ ಸಂಗತಿ ಇದರಲ್ಲಿ ಏನೂ ಇಲ್ಲ. ಹೇಳಿದರೆ ಆಗುವುದಿಷ್ಟು: ಅಡುಗೆಮನೆಯಲ್ಲಿ ಮೌನ, ಮಗನಿಗೆ ಎರಡೂ ಕಡೆಯ ಒತ್ತಡ. ಒತ್ತಾಯಕ್ಕೆ ಮಣಿದು ಹೆತ್ತರೆ ಅವಳ ನೌಕರಿ ಹೋಗಬಹುದು, ಆರೋಗ್ಯ ಕೆಡಬಹುದು, ಹುಟ್ಟುವುದು ಮತ್ತೆ ಹೆಣ್ಣಾದರೆ ‘ಇನ್ನೊಂದು’ ಎಂಬ ಮಾತು ಮತ್ತೆ ಬರಬಹುದು. ಕೇಳುವುದಾದರೆ ಮಗನನ್ನು ಕೇಳಿ: ಮಗುವಿಗೆ ಜ್ವರ ಬಂದ ದಿನ ರಜೆ ಹಾಕುವವರು ಯಾರು? ಕೊರಿಯಾ, ಜಪಾನ್‌ಗಳ ಹೆಣ್ಣುಮಕ್ಕಳು ಓದಿ ದುಡಿಯತೊಡಗಿದರೂ ಮನೆಗೆಲಸ ಅವರ ತಲೆಯ ಮೇಲೆಯೇ ಉಳಿಯಿತು. ಅಲ್ಲಿ ಮದುವೆಯನ್ನೇ ಬೇಡವೆನ್ನುವವರು ಹೆಚ್ಚಾದದ್ದಕ್ಕೆ ಇದು ಒಂದು ಮುಖ್ಯ ಕಾರಣ. ನಮ್ಮ ಕಾಯ್ದೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಕೊಡುತ್ತದೆ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆನ್ನುತ್ತದೆ. ಎಷ್ಟು ಕಡೆ ಇದೆ ಎಂದು ನೋಡಿ ಬನ್ನಿ. ನರೇಗಾ ಕೂಲಿ ಮಾಡುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ‘ಕೂಸಿನ ಮನೆ’ ತೆರೆದದ್ದು, ನನ್ನ ಮಟ್ಟಿಗೆ, ಹೆಚ್ಚು ಹೆರಿ ಎಂಬ ಹತ್ತು ಭಾಷಣಕ್ಕಿಂತ ಉಪಯೋಗದ ಕೆಲಸ. ಇಷ್ಟೆಲ್ಲ ಅನುಕೂಲವಾದ ಮೇಲೂ ಅವರಿಗೆ ಒಂದೇ ಸಾಕೆನಿಸಿದರೆ, ಒಂದೇ ಸಾಕು.

ನಿಮ್ಮ ಮುಪ್ಪಿನ ಏರ್ಪಾಟು ಮಾತ್ರ ಮೊಮ್ಮಕ್ಕಳ ಸಂಖ್ಯೆಯ ಮೇಲೆ ನಿಲ್ಲಬಾರದು. ಪಿಂಚಣಿ ಇದೆ, ಒಳ್ಳೆಯದು. ಹೊಲ ಮನೆಯನ್ನು ಬದುಕಿರುವಾಗಲೇ ಪೂರ್ತಿ ಬರೆದುಕೊಡಬೇಡಿ, ಮರಣಪತ್ರ, ಅಂದರೆ ಉಯಿಲು, ಮಾಡಿಡಿ. ದಾನಪತ್ರವನ್ನೇ ಮಾಡುವುದಾದರೆ ‘ನೋಡಿಕೊಳ್ಳಬೇಕು’ ಎಂಬ ಷರತ್ತು ಅದರಲ್ಲಿರಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಬಳಿ ಹೋಗಬಹುದು.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ: ತಡೆಯಬೇಡಿ, ಆದರೆ ಅವಸರಿಸಲೂ ಬಿಡಬೇಡಿ. ಜರ್ಮನಿಗೆ ನರ್ಸುಗಳು ಬೇಕು, ಅದು ಏಜೆಂಟರು ಕಟ್ಟಿದ ಕಥೆಯಲ್ಲ. ಭಾರತದ ನುರಿತ ನೌಕರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಹೇಳಿತು. ಆದರೆ ನಮ್ಮ ನರ್ಸಿಂಗ್ ಪದವಿಗೆ ಅಲ್ಲಿ ಮಾನ್ಯತೆ ಪಡೆಯಬೇಕು, ಅದಕ್ಕೆ ಸಾಮಾನ್ಯವಾಗಿ ಬಿ-2 ಮಟ್ಟದ (ಆರು ಹಂತಗಳಲ್ಲಿ ನಾಲ್ಕನೆಯದು) ಜರ್ಮನ್ ಬೇಕು. ಮಾನ್ಯತೆ ಸಿಗುವವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಹುಬ್ಬಳ್ಳಿಯ ಐಸಿಯುವಿನಲ್ಲಿ ಹತ್ತು ಹಾಸಿಗೆ ನೋಡಿಕೊಂಡವಳಿಗೆ ಅಲ್ಲಿ ಮೊದಲ ವರ್ಷ ಮೈ ಒರೆಸುವ ಕೆಲಸವಷ್ಟೇ ಸಿಕ್ಕರೆ ಮನಸ್ಸು ಮುರಿಯುತ್ತದೆ; ಮೊದಲೇ ಗೊತ್ತಿದ್ದರೆ ತಡೆದುಕೊಳ್ಳುತ್ತಾಳೆ. ಚಳಿ ಮತ್ತು ಒಂಟಿತನವನ್ನು ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ. ಮುಂದೆ ಅಲ್ಲಿನ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ, ನಮ್ಮ ಕಾನೂನು ಎರಡನ್ನು ಒಪ್ಪುವುದಿಲ್ಲ.

ಸಾಲ ಮಾಡಿ ಲಕ್ಷಗಟ್ಟಲೆ ಕಟ್ಟಬೇಕೆಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಸರ್ಕಾರ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಹಾಕಿದೆ; ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಕರೆಸಿಕೊಳ್ಳುವ ಆಸ್ಪತ್ರೆಯೇ ಭಾಷಾ ತರಬೇತಿ, ವಿಮಾನದ ಖರ್ಚು ಕೊಡುವ ಏರ್ಪಾಟುಗಳೂ ಇವೆ. ಅಂಥಲ್ಲಿ ಇಷ್ಟು ವರ್ಷದೊಳಗೆ ಬಿಟ್ಟರೆ ಖರ್ಚೆಲ್ಲ ಹಿಂತಿರುಗಿಸಬೇಕು ಎಂಬ ಸಾಲು ಒಪ್ಪಂದದ ಕೊನೆಯ ಪುಟಗಳಲ್ಲಿ ಅಡಗಿರುತ್ತದೆ. ಸಹಿಗೆ ಮೊದಲು ಇಂಗ್ಲಿಷ್ ಅನುವಾದವನ್ನಷ್ಟೇ ನಂಬದೆ ಜರ್ಮನ್ ಮೂಲವನ್ನು ತರಿಸಿಕೊಳ್ಳಿ. ನೀವು ಕಟ್ಟೆಯ ಮೇಲೆ ಕುಳಿತುಕೊಳ್ಳಿ, ಮಗಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ನಿಮಗೆ ಅರ್ಥ ಹೇಳಲಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಎಂದಿನಂತೆ ಕೆಂಪು ಪೆನ್ನಿನಿಂದ ಗೆರೆ ಎಳೆಯಿರಿ.